ಗೀರು ಬಿದ್ದ ಕಾರು, ಕ್ಲೇಮಿನ ಲೆಕ್ಕ ಮತ್ತ ಅದರ ಹಿಂದಿನ ಕಥಿ

ಈ ಸಲ ಅಡಿಗಿಮನಿ ಬಿಟ್ಟು ಅಂಗಳದಾಗ ನಿಂತ ಕಾರಿನ ವಿಷಯ ಬರೀಲಿಕ್ಕೆ ಹತ್ತೇನಿ. ನಮ್ಮ ಓಣ್ಯಾಗ ಈಗ ಹೆಚ್ಚುಕಡಿಮಿ ಮನಿಗೊಂದು ಕಾರ್ ಅದ. ಪ್ಯಾಟ್ಯಾಗ ಆಟೋದವ ಬಂಪರ್ ಸವರಿಕೊಂಡು ಹೋದ, ರಿವರ್ಸ್ ತಗೋಳೋ ಮುಂದ ಗೇಟಿಗೆ ಬಡೀತು, ಇಂಥವು ಕೇಳ್ತನ ಇರ್ತೇವಿ. ಆಮ್ಯಾಲೆ ಮನ್ಯಾಗ ಎರಡು ಪಕ್ಷ ಆಗ್ತಾವ. ಒಬ್ರು "ವರ್ಷಾ ರೊಕ್ಕ ತುಂಬತೇವಲ್ಲ, ಕ್ಲೇಮ್ ಮಾಡ್ರಿ" ಅಂತಾರ. ಇನ್ನೊಬ್ರು "ಬೋನಸ್ ಹೋಗ್ತದ, ಸುಮ್ನಿರ್ರಿ" ಅಂತಾರ. ಈ ಬೋನಸ್ ಎಲ್ಲಿಂದ ಬಂತು, ಅದು ಯಾರದು ಅಂತ ಕೇಳಿದ್ರ ಇಬ್ರೂ ಸುಮ್ಮನಾಗ್ತಾರ. ಅದರ ಇತಿಹಾಸ ತಿಳಕೊಂಡ್ರ ಲೆಕ್ಕ ಹಾಕೂದು ಭಾಳ ಸರಳ.

ಮೊದಲನೇ ಮಾತು, ನಮ್ಮ ಕೈಯಾಗಿನ ಇನ್ಶೂರನ್ಸ್ ಕಾಗದ ನೋಡಲಿಕ್ಕೆ ಒಂದು, ಖರೇ ಅಂದ್ರ ಅದರೊಳಗ ಎರಡು ವಿಮಾ ಅವ. ಒಂದು ಥರ್ಡ್ ಪಾರ್ಟಿ, ಅಂದ್ರ ನಮ್ಮ ಗಾಡಿಯಿಂದ ಬ್ಯಾರೇದವ್ರಿಗೆ ಆದ ನಷ್ಟಕ್ಕ. ಇನ್ನೊಂದು ಓನ್ ಡ್ಯಾಮೇಜ್, ಅಂದ್ರ ನಮ್ಮ ಗಾಡಿಗೇ ಆದ ನಷ್ಟಕ್ಕ. ಈ ಎರಡೂ ಬಂದ ದಾರಿ ಬ್ಯಾರೆ ಬ್ಯಾರೆ.

ನಮ್ಮ ದೇಶಕ್ಕ ವಿಮಾ ಬಂದದ್ದು ವ್ಯಾಪಾರದ ಸಲುವಾಗಿ. 1850ರಾಗ ಕೋಲ್ಕತ್ತಾದಾಗ ಟ್ರೈಟನ್ ಅನ್ನೋ ಕಂಪನಿ ಶುರು ಆತು. 1919ರಾಗ ದೊರಾಬ್ಜಿ ಟಾಟಾ ಅವರು ನ್ಯೂ ಇಂಡಿಯಾ ಕಂಪನಿ ತಗದ್ರು. ಆಗ ಕಾರು ಇಟ್ಟುಕೊಂಡವ್ರು ರಾಜರು, ಸಾಹೇಬರು, ದೊಡ್ಡ ವ್ಯಾಪಾರಸ್ಥರು. ಅವರ ಗಾಡಿ ಬಡದು ಹಾದ್ಯಾಗ ಹೋಗೋ ಬಡವ ಸತ್ರ, ಅವನ ಹೆಂಡತಿ ಮಕ್ಕಳು ಕೋರ್ಟಿಗೆ ಹೋಗಿ ಮಾಲಕನ ಮ್ಯಾಲೆ ದಾವಾ ಹಾಕಬೇಕಿತ್ತು. ಗೆದ್ರೂ ಮಾಲಕನ ಹತ್ರ ರೊಕ್ಕ ಇಲ್ಲಂದ್ರ ಆ ಹುಕುಂ ಬರೀ ಕಾಗದ. ಇಂಗ್ಲೆಂಡಿನಾಗೂ ಇದೇ ತ್ರಾಸ ಇತ್ತು. ಅಲ್ಲೆ 1930ರಾಗ ಗಾಡಿ ರಸ್ತೆಗಿಳಸಬೇಕಂದ್ರ ಥರ್ಡ್ ಪಾರ್ಟಿ ವಿಮಾ ಬೇಕೇ ಬೇಕು ಅಂತ ಕಾಯ್ದೆ ಮಾಡಿದ್ರು. ನಮ್ಮಲ್ಲೆ 1939ರ ಮೋಟಾರು ವಾಹನ ಕಾಯ್ದೆದಾಗ ಆ ಮಾತು ಸೇರಿಸಿದ್ರು, ಆದ್ರ ವಿಮಾದ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ಕ್ಕ. 1956ರ ತಿದ್ದುಪಡಿಯಿಂದ ಅಪಘಾತದ ಪರಿಹಾರಕ್ಕಂತ ಬ್ಯಾರೆ ಟ್ರಿಬ್ಯೂನಲ್ ಮಾಡೋ ದಾರಿ ಆತು. ಈಗ ನಡಿಯೂದು 1988ರ ಕಾಯ್ದೆ, 1989ರ ಜುಲೈ 1ರಿಂದ.

ಅಂದ್ರ ಸರಕಾರ ಕಡ್ಡಾಯ ಮಾಡಿದ್ದು ಹಾದ್ಯಾಗ ಹೋಗೋ ಮನಷ್ಯಾನ ಸಲುವಾಗಿ. ನಮ್ಮ ಬಂಪರಿನ ಸಲುವಾಗಿ ಅಲ್ಲ. ಇದನ್ನ ನೆನಪಿಡ್ರಿ, ಮುಂದ ಬೇಕಾಗ್ತದ.

ಓನ್ ಡ್ಯಾಮೇಜ್ ಅನ್ನೂದು ನಮ್ಮ ಮತ್ತ ಕಂಪನಿ ನಡುವಿನ ಕರಾರು. 1973ರ ಜನವರಿ 1ಕ್ಕ ಸರಕಾರ ಜನರಲ್ ವಿಮಾ ಎಲ್ಲಾ ರಾಷ್ಟ್ರೀಕರಣ ಮಾಡ್ತು. 107 ಕಂಪನಿ ಕೂಡಿಸಿ ನಾಲ್ಕು ಮಾಡಿದ್ರು. ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಾಗ ನಮ್ಮ ಹಿರ್ಯಾರು ಇವುಗಳ ಆಫೀಸಿಗೇ ಹೋಗಿ ಪ್ರೀಮಿಯಂ ತುಂಬತಿದ್ರು. ಎಲ್ಲಿ ಹೋದ್ರೂ ಒಂದೇ ದರ. ಆ ದರ ಬರದ ಪುಸ್ತಕಕ್ಕ ಟ್ಯಾರಿಫ್ ಅಂತಿದ್ರು. 2002ರ ಜುಲೈ 1ಕ್ಕ ಹೊಸ ಮೋಟಾರು ಟ್ಯಾರಿಫ್ ಬಂತು. 2007ರ ಜನವರಿಯಿಂದ ಓನ್ ಡ್ಯಾಮೇಜ್ ದರ ಕಂಪನಿಗೋಳೇ ಇಟ್ಟುಕೋಬಹುದು ಅಂತಾತು. ಆದ್ರ 2002ರ ಪುಸ್ತಕದಾಗಿನ ಬೋನಸ್ಸಿನ ಮೆಟ್ಟಿಲು ಮಾತ್ರ ಹಂಗ ಉಳದದ.

ಆ ಮೆಟ್ಟಿಲು ಹಿಂಗದ. ಒಂದು ವರ್ಷ ಕ್ಲೇಮ್ ಮಾಡಲಿಲ್ಲಂದ್ರ ಓನ್ ಡ್ಯಾಮೇಜ್ ಪ್ರೀಮಿಯಂದಾಗ 20% ಬಿಡ್ತಾರ. ಎರಡು ವರ್ಷಕ್ಕ 25, ಮೂರಕ್ಕ 35, ನಾಲ್ಕಕ್ಕ 45, ಐದಕ್ಕ 50. ಅದಕ್ಕೂ ಮೊದಲಿನ ಟ್ಯಾರಿಫಿನಾಗ 65ರ ತನಕ ಇತ್ತು. ಆಗ 55, 65 ಗಳಿಸಿದವ್ರದ್ದು ಕ್ಲೇಮ್ ಮಾಡೋ ತನಕ ಹಂಗ ಇರಲಿ ಅಂತ 2002ರಾಗ ಬರದಾರ. ಒಂದೇ ಒಂದು ಸಣ್ಣ ಕ್ಲೇಮ್ ಮಾಡಿದ್ರೂ ಮುಂದಿನ ವರ್ಷ ಮೆಟ್ಟಿಲು ಇಳದು ಸೊನ್ನೆಗೆ ಬರ್ತೇವಿ.

ಯಾಕ ಹಿಂಗ ಮಾಡಿದ್ರು? ಎರಡು ಸಾವಿರದ ಗೀರಿಗೂ ಸರ್ವೇಯರ್ ಬರಬೇಕು, ಫೋಟೋ, ಬಿಲ್ಲು, ಫೈಲು ಎಲ್ಲಾ ಆಗಬೇಕು. ಆ ಖರ್ಚು ಎಲ್ಲಾರ ಪ್ರೀಮಿಯಂದಾಗೇ ಸೇರ್ತದ. ಅದಕ್ಕ ಸಣ್ಣದನ್ನ ಮನಿಯವ್ರೇ ನೋಡ್ಕೊಳ್ಳಲಿ, ದೊಡ್ಡದು ಬಂದಾಗ ಕಂಪನಿ ಕಡೆ ಬರಲಿ ಅಂತ ಈ ವ್ಯವಸ್ಥಾ. ಕಡ್ಡಾಯ ಕಡತ ಅಂತ 1500 ಸಿಸಿ ತನಕದ ಕಾರಿಗೆ 1,000 ರೂಪಾಯಿ, ಅದಕ್ಕೂ ದೊಡ್ಡದಕ್ಕ 2,000 ನಮ್ಮ ತಲಿಮ್ಯಾಲೆ ಹಾಕೂದೂ ಇದೇ ಕಾರಣಕ್ಕ.

ಈಗ ಒಂದು ಲೆಕ್ಕ ಮಾಡೋಣ, ಹಾಲಿನ ಲೆಕ್ಕ ಬರದಂಗ ಚೀಟಿ ಮ್ಯಾಲೆ. ಬೋನಸ್ ಕಳೆಯೂದಕ್ಕಿಂತ ಮೊದಲು ಓನ್ ಡ್ಯಾಮೇಜ್ ಪ್ರೀಮಿಯಂ 8,000 ಅಂತ ಇಟ್ಕೋರಿ. ಸಣ್ಣ ಕಾರು, ಈ ವರ್ಷ 45% ಬೋನಸ್ ಅದ, ಮುಂದಿನ ವರ್ಷ 50 ಆಗೂದು. ಗ್ಯಾರೇಜಿನವ 9,000 ಅಂದಾನ. ಬಂಪರ್ 4,000, ಪೇಂಟಿಂಗ್ 3,000, ಕೂಲಿ 2,000. ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಸಾದಾ ಪಾಲಿಸಿದಾಗ ಅರ್ಧ ಮುರೀತಾರ, ಬಂಪರಿಗೆ 2,000 ಹೋತು. ಪೇಂಟಿನ ಬಿಲ್ಲಿನಾಗ ಕಾಲುಭಾಗ ಬಣ್ಣದ್ದು ಅಂತ ಹಿಡದು ಅದರಾಗ ಅರ್ಧ, ಅಂದ್ರ 375 ಮುರೀತಾರ. ಕಡತ 1,000. ಎಲ್ಲಾ ಹೋಗಿ ಕೈಗೆ ಬರೂದು 5,625.

ಕಳಕೊಳ್ಳೂದು ಎಷ್ಟು? ಮೊದಲನೇ ವರ್ಷ 4,000ದ ಬದಲಿ 8,000 ತುಂಬಬೇಕು, ಅಂದ್ರ 4,000 ಹೆಚ್ಚು. ಎರಡನೇ ವರ್ಷ 2,400 ಹೆಚ್ಚು. ಆಮ್ಯಾಲೆ 2,000, 1,200, 400. ಆರನೇ ವರ್ಷಕ್ಕ ಮತ್ತ 50%. ಒಟ್ಟು 10,000, ಜಿಎಸ್‌ಟಿ ಬ್ಯಾರೆ. ಕಾರು ಹಳೇದಾದಂಗ ಪ್ರೀಮಿಯಂ ಇಳೀತದ, ಹಿಂಗಾಗಿ ಸ್ವಲ್ಪ ಕಡಿಮಿ ಆದೀತು. ಆದ್ರೂ 5,625ರ ಸಲುವಾಗಿ ಅಷ್ಟು ಕಳಕೊಳ್ಳೂದು ಬ್ಯಾಡ. ಝೀರೋ ಡೆಪ್ ಪಾಲಿಸಿ ಇದ್ರ ಪ್ಲಾಸ್ಟಿಕ್ಕಿಗೆ, ಬಣ್ಣಕ್ಕ ಮುರಿಯೂದಿಲ್ಲ, 8,000 ಬರ್ತದ. ಆಗ ತಕ್ಕಡಿ ಹತ್ರ ಹತ್ರ ಬರ್ತದ.

ಇದೇ ಬಿಲ್ಲು, ಆದ್ರ ನಿಮ್ಮದು ಇನ್ನೂ ಮೊದಲನೇ ವರ್ಷದ ಪಾಲಿಸಿ, ಬೋನಸ್ ಶುರುನೇ ಆಗಿಲ್ಲ ಅನ್ನೋಣ. ಆಗ ಐದು ವರ್ಷದಾಗ ಕಳಕೊಳ್ಳೂದು ಸುಮಾರು 4,000 ಅಷ್ಟೇ. ಅಲ್ಲೆ ಕ್ಲೇಮ್ ಮಾಡೂದೇ ಛಲೋ. ಬಿಲ್ಲು 40,000 ಬಂದ್ರಂತೂ ವಿಚಾರ ಮಾಡೂದೇ ಬ್ಯಾಡ, ಎಷ್ಟೇ ಬೋನಸ್ ಇರಲಿ ಕ್ಲೇಮ್ ಮಾಡ್ರಿ. "ಬೋನಸ್ ಹೋಗ್ತದ" ಅನ್ನೋ ಹೆದರಿಕಿಗೆ ದೊಡ್ಡ ಖರ್ಚು ಮೈಮ್ಯಾಲೆ ಹಾಕ್ಕೊಂಡವ್ರನ್ನೂ ನಮ್ಮ ಬಳಗದಾಗೇ ನೋಡೇನಿ. ವಿಮಾ ಇಟ್ಟಿದ್ದು ಅಂಥಾ ದಿನಕ್ಕಂತನ. ಹಿಂಗಾಗಿ ಗ್ಯಾರೇಜಿನ ಅಂದಾಜು ಮೊದಲು ಬರಸ್ಕೋರಿ, ಫೋಟೋ ತಗೀರಿ, ಅದೇ ದಿನ ಲೆಕ್ಕ ಮಾಡ್ರಿ. ಕ್ಲೇಮ್ ಮಾಡೂದಾದ್ರ ತಡಾ ಮಾಡದ ಕಂಪನಿಗೆ ತಿಳಸ್ರಿ, ಅವರು ನೋಡೋ ಮೊದಲು ರಿಪೇರಿ ಮಾಡಸಬ್ಯಾಡ್ರಿ.

ಬೋನಸ್ ಯಾರದು ಅನ್ನೋ ಪ್ರಶ್ನಿ ಉಳೀತಲ್ಲ. ಅದು ಕಾರಿಂದಲ್ಲ, ಪಾಲಿಸಿ ಯಾರ ಹೆಸರಿಲೆ ಅದನೋ ಅವರದು. ಕಾರು ಮಾರಿದ್ರ ಕೊಂಡವಗ ಹೋಗೂದಿಲ್ಲ. ಕಂಪನಿಯಿಂದ ಪತ್ರ ತಗೊಂಡ್ರ ಮೂರು ವರ್ಷದೊಳಗ ನಿಮ್ಮ ಹೊಸ ಕಾರಿಗೆ ಹಚ್ಚಬಹುದು. ಪಾಲಿಸಿ ಮುಗದು 90 ದಿನದೊಳಗ ರಿನ್ಯೂ ಮಾಡಲಿಲ್ಲಂದ್ರ ಮಾತ್ರ ಗಳಿಸಿದ್ದೆಲ್ಲಾ ಹೋಗ್ತದ. ಕ್ಲೇಮ್ ಮಾಡಿ, ಮಾಡಿಲ್ಲಂತ ಹೇಳಿ ಬ್ಯಾರೆ ಕಂಪನಿ ಹತ್ರ ಬೋನಸ್ ತಗೊಂಡ್ರ, ಸಿಕ್ಕಬಿದ್ದಾಗ ಓನ್ ಡ್ಯಾಮೇಜಿನ ಪರಿಹಾರನ ಕೊಡೂದಿಲ್ಲ.

ಇನ್ನ ನಮ್ಮ ಹೆಣ್ಮಕ್ಕಳಿಗೆ ಗೊತ್ತಿರಲೇಬೇಕಾದ ಮಾತು. ಪಾಲಿಸಿ ಮನಿಯವ್ರ ಹೆಸರಿಲೆ ಇದ್ದು ಅವರು ತೀರಿಕೊಂಡು, ಗಾಡಿ ಹೆಂಡತಿ, ಮಕ್ಕಳು ಇಲ್ಲಾ ತಂದಿ ತಾಯಿ ಕಡೆ ಬಂದ್ರ, ಆ ಬೋನಸ್ ಅವರಿಗೇ ಸೇರ್ತದ. 2002ರ ಟ್ಯಾರಿಫಿನಾಗೇ ಇದು ಸ್ಪಷ್ಟ ಬರದದ. ದುಃಖದಾಗ ಇದ್ದಾಕಿಗೆ ಯಾರೂ ಈ ಮಾತು ಹೇಳೂದಿಲ್ಲ. ಹೊಸ ಪಾಲಿಸಿ ಸೊನ್ನೆಯಿಂದ ಶುರು ಮಾಡಿಸಿಬಿಡ್ತಾರ. ಮರಣ ಪತ್ರ, ಹಳೇ ಪಾಲಿಸಿ ತಗೊಂಡು ಹೋಗಿ ಕೇಳ್ರಿ. ಹತ್ತು ವರ್ಷ ಗಂಡ ಸಾವಕಾಶ ಗಾಡಿ ಹೊಡದು ಗಳಿಸಿಟ್ಟದ್ದು ಅದು.

ಕಡೀ ಮಾತು, ಈ ಲೆಕ್ಕ ಎಲ್ಲಾ ಬರೀ ತಗಡಿನ ಗೀರಿಗೆ. ಮನಷ್ಯಾಗ ಪೆಟ್ಟಾಗಿದ್ರ ಅಲ್ಲೆ ಬೋನಸ್ಸಿನ ಮಾತು ಬರಬಾರದು. ಕಾಯ್ದೆ ಪ್ರಕಾರ ಮೊದಲು ದವಾಖಾನಿಗೆ ಕರಕೊಂಡು ಹೋಗಬೇಕು, 24 ತಾಸಿನೊಳಗ ಪೊಲೀಸರಿಗೆ ಹೇಳಬೇಕು, ಕಂಪನಿಗೂ ಬರದು ತಿಳಸಬೇಕು. ಹಾದ್ಯಾಗೇ ಐದನೂರು ಕೊಟ್ಟು ಕಳಿಸಿದ್ರ ಮುಗೀತು ಅಂತ ತಿಳಕೊಂಡವ್ರಿಗೆ, ನಾಕು ದಿನಾ ಬಿಟ್ಟು ಅವಗ ಎಲುಬು ಮುರದದ ಅಂತ ಗೊತ್ತಾದ್ರ ತೊಂದರಿ ಇಬ್ರಿಗೂ. 1946ರಿಂದ ಎಲ್ಲಾರ ಕಡೆ ಕಡ್ಡಾಯ ತುಂಬಿಸಿಕೊಳ್ಳೋ ರೊಕ್ಕ ಅಂಥವನ ಸಲುವಾಗೇ ಅದ.

ಈ ವಾರ ಕಪಾಟಿನಾಗಿನ ಪಾಲಿಸಿ ತಗದು ಮೂರು ಸಾಲು ನೋಡ್ರಿ. ಹೆಸರು ಯಾರದು, ಬೋನಸ್ ಎಷ್ಟು ಪರ್ಸೆಂಟ್, ಕಡೀ ತಾರೀಖು ಯಾವುದು. ಆ ಮೂರನ್ನೂ ಒಂದು ಚೀಟಿ ಮ್ಯಾಲೆ ಬರದು ಗ್ಯಾಸ್ ಪುಸ್ತಕದಾಗ ಇಟ್ಟುಬಿಡ್ರಿ.