ಬೇಸಿಗೆಯ ಬಿರುಗಾಳಿ ಮತ್ತು ನಮ್ಮ ಸೀಮೆ

ಅಶ್ವಿನಿ, ಭರಣಿ ಮಳೆಗಳ ಕಾಲ ಬಂದಿತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ರೈತನು ಸಂಜೆಯ ಮುಗಿಲನ್ನು ಎರಡು ಮನಸ್ಸಿನಿಂದ ನೋಡುತ್ತಾನೆ. ಮಳೆ ಬೇಕು, ಅದರ ಮುಂದೆ ಓಡಿಬರುವ ಗಾಳಿ ಬೇಡ. ಅರ್ಧ ಗಳಿಗೆಯ ಬಿರುಗಾಳಿ ನಾಲ್ಕು ತಿಂಗಳ ದುಡಿಮೆಯನ್ನು ನೆಲಕ್ಕೆ ಹಾಸಿಬಿಡುವುದನ್ನು ತಾವು ಕಂಡಿರಬಹುದು. ಇದನ್ನು ವಿಧಿಯ ಆಟವೆಂದು ಬಿಟ್ಟುಬಿಡುವ ಮುನ್ನ ಇದರ ಚರಿತ್ರೆಯನ್ನು ತುಸು ವಿಚಾರಿಸೋಣ.

ಮಾರ್ಚಿಯಿಂದ ಮೇ ತಿಂಗಳವರೆಗೆ ನಮ್ಮ ಬಯಲು ಕಾದು ಬಿಸಿಗಾಳಿ ಮೇಲೇರುತ್ತದೆ. ಸಮುದ್ರದ ಕಡೆಯ ತೇವವು ಅದರೊಡನೆ ಕೂಡಿದಾಗ ಮಧ್ಯಾಹ್ನದ ಮೇಲೆ ಎತ್ತರದ ಕಾರ್ಮೋಡಗಳು ಕಟ್ಟುತ್ತವೆ. ಆ ಮೋಡದಿಂದ ತಣ್ಣನೆಯ ಗಾಳಿ ಕೆಳಗೆ ಧುಮುಕಿ, ನೆಲವನ್ನು ತಾಕಿ ಸುತ್ತಲೂ ಹರಡುತ್ತದೆ. ಮಳೆಗಿಂತ ಮೊದಲು ಧೂಳೆಬ್ಬಿಸಿ ಬರುವ ಗಾಳಿ ಇದೇ. ಇದು ಹಿಂದೆಯೂ ಇತ್ತು. ಬದಲಾದುದು ಇದರ ಹಾದಿಯಲ್ಲಿ ನಿಂತಿರುವ ನಮ್ಮ ಬದುಕು.

1948ರವರೆಗೆ ಈ ಭಾಗವು ನಿಜಾಮರ ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಾಗಿದ್ದವು. ಆನೆಗೊಂದಿಯ ಸುತ್ತ ವಿಜಯನಗರ ಕಾಲದ ಕಾಲುವೆಗಳ ಬಯಲನ್ನು ಬಿಟ್ಟರೆ ಉಳಿದುದು ಬಹುತೇಕ ಮಳೆಯನ್ನೇ ನಂಬಿದ ಭೂಮಿ. ಹಿಂಗಾರಿಯ ಜೋಳ ಕಣ ಸೇರಿದ ಬಳಿಕ ಚೈತ್ರ ವೈಶಾಖಗಳಲ್ಲಿ ಹೊಲ ಬರಿದಾಗಿರುತ್ತಿತ್ತು. ಮಣ್ಣಿನ ಮಾಳಿಗೆಯ ಮನೆಗಳು ಮಳೆಗೆ ಸೋರಿದರೂ ಗಾಳಿಗೆ ಹಾರುತ್ತಿರಲಿಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯ ತುಂಬತೊಡಗಿತು. ಎಡದಂಡೆಯ ನೀರು ಹರಿದು ಗಂಗಾವತಿ ಭತ್ತದ ಕಣಜವಾಯಿತು. ನೀರು ಸಾಕಾದ ವರ್ಷ ಎರಡನೆಯ ಬೆಳೆಯೂ ಬಂದಿತು. ಜನವರಿಯ ಸುಮಾರಿಗೆ ನಾಟಿಯಾದ ಈ ಭತ್ತ ತೆನೆ ಬಲಿತು ಬಾಗುವುದು ಏಪ್ರಿಲ್ ಮೇ ತಿಂಗಳಲ್ಲಿ, ಸರಿಯಾಗಿ ಬಿರುಗಾಳಿಯ ಹೊತ್ತಿಗೆ. ಯೂರಿಯಾ ಹೆಚ್ಚಾದ ಗದ್ದೆಯಲ್ಲಿ ದಂಟು ಮೆತ್ತಗಾಗಿ ಪೈರು ಬೇಗ ಮಲಗುತ್ತದೆ; ಕಾಳು ಉದುರುತ್ತದೆ, ನೀರಿನಲ್ಲಿ ಬಿದ್ದ ತೆನೆ ಮೊಳೆಯುತ್ತದೆ. ಅನ್ನ ಕೊಟ್ಟ ನೀರೇ ಬೆಳೆಯನ್ನು ಗಾಳಿಯ ಎದುರಿಗೆ ತಂದು ನಿಲ್ಲಿಸಿತು. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಲ್ಲಿ ಕೊಳವೆಬಾವಿ ನಂಬಿದ ದಾಳಿಂಬೆ ತೋಟಗಳೆದ್ದವು. ಮಾಳಿಗೆ ಹೋಗಿ ತಗಡು ಬಂದಿತು. ತಗಡಿನ ಮೇಲೆ ಹೇರಿದ ಕಲ್ಲುಗಳೇ ಗಾಳಿಗೆ ಜಾರಿ ಒಳಗಿದ್ದವರ ಮೇಲೆ ಬೀಳುವ ಅಪಾಯವೂ ಬಂದಿತು.

ಇನ್ನು ಪರಿಹಾರದ ಮಾತು. ಬೆಳೆಹಾನಿಯ ನೆರವಿಗೆ ಮೊದಲು ಶೇಕಡಾ 50ರಷ್ಟು ನಷ್ಟವಾಗಿರಬೇಕಿತ್ತು. 2015ರಲ್ಲಿ ಅದನ್ನು 33ಕ್ಕೆ ಇಳಿಸಲಾಯಿತು. ಆದರೆ ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಆಲಿಕಲ್ಲುಗಳಿದ್ದರೂ ನಮ್ಮ ಈ ಬಿರುಗಾಳಿಗೆ ಪ್ರತ್ಯೇಕ ಹೆಸರಿಲ್ಲ. ಸ್ಥಳೀಯ ವಿಪತ್ತುಗಳಿಗೆ ರಾಜ್ಯವು ತನ್ನ ವಿಪತ್ತು ನಿಧಿಯ ಶೇಕಡಾ 10ರವರೆಗೆ ಬಳಸಲು ಅವಕಾಶವಿದೆ. 2016ರ ಫಸಲ್ ಬಿಮಾ ಯೋಜನೆಯಲ್ಲಿಯೂ ಆಲಿಕಲ್ಲಿನ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಿದರೆ ಆ ರೈತನ ಹೊಲವನ್ನೇ ಪರೀಕ್ಷಿಸುತ್ತಾರೆ. ಬರಿಯ ಗಾಳಿಗೆ ಮಲಗಿದ ಪೈರಿನ ನಷ್ಟವನ್ನು ಇಡೀ ಪ್ರದೇಶದ ಇಳುವರಿಯಿಂದ ಅಳೆಯುತ್ತಾರೆ. ಆದುದರಿಂದ ಗಾಳಿಯೊಡನೆ ಆಲಿಕಲ್ಲು ಬಿದ್ದಿದ್ದರೆ ಅದನ್ನು ತಪ್ಪದೆ ಬರೆಯಿಸಿರಿ.

ಹಾನಿಯ ಪಂಚನಾಮೆಗಿಂತ ಮುಂಚಿನ ಎಚ್ಚರ ಹೆಚ್ಚಿನದು. ಮುಂಗಾರಿ ಭತ್ತದ ಸಸಿಮಡಿ ಬೇಗ ಮಾಡಿದರೆ ಎರಡನೆಯ ನಾಟಿಯೂ ಬೇಗ ಆಗುತ್ತದೆ. ಬೇಗ ಮಾಗುವ ತಳಿ, ಹಿತಮಿತವಾದ ಗೊಬ್ಬರ, ಬಾಳೆಗೆ ಊರುಗೋಲು, ತಗಡಿಗೆ ಕಲ್ಲಿನ ಬದಲು ಬಿಗಿಯಾದ ಕೊಕ್ಕೆ, ತೋಟದ ಅಂಚಿಗೆ ಗಾಳಿತಡೆ ಮರಗಳು: ಇವು ನಮ್ಮಿಂದಾಗುವ ಕೆಲಸಗಳು. ಗಾಳಿಯ ದಿಕ್ಕನ್ನು ತಿರುಗಿಸಲಾರೆವು; ಅದು ಬರುವ ಮೊದಲೇ ಕಾಳನ್ನು ಮನೆ ಸೇರಿಸಲು ಯತ್ನಿಸಬಲ್ಲೆವು.