ತೋಕ್ ಪೂ
ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಸಮೀಪಿಸುವಾಗ ಕೊಡಗಿನ ಗೋಣಿಕೊಪ್ಪಲಿನ ಸುತ್ತಲಿನ ಬೇಲಿಗಳಲ್ಲಿ ಕೆಂಪು-ಹಳದಿ ಜ್ವಾಲೆಯಂಥ ಹೂವೊಂದು ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಅಗ್ನಿಶಿಖೆ, ಕೊಡವ ತಕ್ಕ್‌ನಲ್ಲಿ ತೋಕ್ ಪೂ. ತೋಕ್ ಎಂದರೆ ಕೋವಿ. ಪೂ ಎಂಬುದು ಹಳಗನ್ನಡದ್ದೂ ಹೌದು. ನಮ್ಮಲ್ಲಿ ಪಕಾರ ಹಕಾರವಾಗಿ ‘ಹೂ’ ಆಯಿತು, ಕೊಡವರು ಬಿಟ್ಟುಕೊಡಲಿಲ್ಲ.

ನಾಟಿ ಮುಗಿದ ಮೇಲೆ ಆಯುಧಗಳನ್ನು ತೊಳೆದು ಪೂಜಿಸುವ ಕೊಡವರ ಹಬ್ಬ ಕೈಲ್‌ಪೊಳ್ದ್. ಕೋವಿಯ ನಳಿಗೆಗೆ ಈ ಹೂವನ್ನೇ ಸಿಕ್ಕಿಸಬೇಕು. ಹೆಸರಿನ ಗುಟ್ಟು ಅಲ್ಲಿದೆ. ಕೋವಿ ಬರುವ ಮುನ್ನ ಈ ಹೆಸರು ಇದ್ದಿರಲಾರದು. ಹೂವಿನ ಪೂಜ್ಯತೆ ಮಾತ್ರ ಬಹಳ ಹಳೆಯದು. ಸಂಗಂ ಕಾಲದ ತಮಿಳಿನಲ್ಲಿ ಇದು ಕಾಂದಳ್, ಮುರುಗನಿಗೆ ಪ್ರಿಯ.

ಹೂವನ್ನು ಪೂಜ್ಯವಾಗಿ ಕಾಣುವುದು ಇಲ್ಲಷ್ಟೇ ಅಲ್ಲ: ದೂರದ ಪೆರುವಿನಲ್ಲಿ ಇಂಕಾಗಳು ಕಾಂತುತ ಎಂಬ ಹೂವನ್ನು ಪವಿತ್ರವೆಂದು ಬಗೆದಿದ್ದರು. ಅದೂ ಕೆಂಪು-ಹಳದಿಯದೇ, ಆದರೆ ಕೆಳಮುಖವಾಗಿ ತೂಗುವ ಕೊಳವೆ. ನಮ್ಮದು ಎಸಳುಗಳನ್ನು ಮೇಲಕ್ಕೆ ಮಡಿಸಿ ನಿಲ್ಲುತ್ತದೆ.

ಅಂದಹಾಗೆ, ತೋಕ್ ಪೂವಿನ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ಘೋರ ವಿಷವಿದೆ. ಆಯುಧಕ್ಕೆ ಮುಡಿಸುವ ಹೂ ತಾನೂ ಒಂದು ಆಯುಧವೇ!