ಶೋಕ ಮತ್ತು ಸ್ಮೃತಿ: ಅರಳುಮರಳಿನ ಹಿಂದಿನ ಒಂದು ಹಳೆಯ ಪ್ರಶ್ನೆ

ವಿಜಯಪುರದಿಂದ ಪಶ್ಚಿಮಕ್ಕೆ ಹೊರಡುವ ಅಥಣಿ ರಸ್ತೆ ಮೊದಲು ತೊರವಿಯನ್ನು ಮುಟ್ಟುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಅದು. ಎರಡನೆಯ ಇಬ್ರಾಹಿಂ ಆದಿಲಶಾಹ ನವರಸಪುರವೆಂಬ ಹೊಸ ನಗರಕ್ಕೆ 1599ರಲ್ಲಿ ಆರಿಸಿಕೊಂಡದ್ದೂ ಇದೇ ಪರಿಸರವನ್ನು. ಮುಂದೆ ತಿಕೋಟಾ, ದಕ್ಷಿಣದ ಕಡೆಗೆ ಬಬಲೇಶ್ವರ. ಅಥಣಿ ಸಮೀಪಿಸಿದಂತೆ ಜೈನ ಮನೆತನಗಳು ದಟ್ಟವಾಗುತ್ತವೆ. ಈ ಸೀಮೆಯಲ್ಲಿ ಮುಪ್ಪಿನ ಮರೆವಿಗೆ ‘ಅರಳುಮರಳು’ ಎಂಬ ಒಂದೇ ಮಾತು ಸಾಕು. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಅದನ್ನು ವಯಸ್ಸಿನ ಸಹಜ ಧರ್ಮವೆಂದೇ ಬಗೆಯುತ್ತದೆ. ಧಾರವಾಡದ ಬೇಂದ್ರೆಯವರು ಆ ಪದವನ್ನೇ ಒಡೆದು, ‘ಅರಳು ಮರಳು’ ಎಂದು ತಮ್ಮ ಸಂಕಲನಕ್ಕೆ ಹೆಸರಿಟ್ಟು, ಮತ್ತೆ ಅರಳುವ ಅರ್ಥವನ್ನು ಹೊಮ್ಮಿಸಿದರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಆದರೆ ಮನೆಮಾತಿನಲ್ಲಿ ಗಾದೆಗೆ ಹೊರತಾದ ಇನ್ನೊಂದು ವಿವರಣೆಯೂ ಉಂಟು. ಮಗ ತೀರಿಕೊಂಡಂದಿನಿಂದ ಅವರು ಮಂಕಾದರು, ಆಮೇಲೆ ಒಂದೊಂದಾಗಿ ಮರೆಯತೊಡಗಿದರು ಎಂಬಂಥ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಇಲ್ಲಿ ಮರೆವು ವಯಸ್ಸಿನ ಫಲವಲ್ಲ, ದುಃಖದ ಫಲ. ಒಮ್ಮೆ ಆಳವಾದ ಖಿನ್ನತೆಗೆ ಒಳಗಾದವರಿಗೆ ಮುಂದೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಬರುವ ಸಂಭವ ಹೆಚ್ಚೇ ಎಂಬ ಇಂದಿನ ವೈದ್ಯಶಾಸ್ತ್ರದ ಪ್ರಶ್ನೆಯೂ ಇದೇ.

ಶೋಕ ಮತ್ತು ಸ್ಮೃತಿಗಳನ್ನು ಜೈನ ಶಾಸ್ತ್ರ ಬಹು ಹಿಂದೆಯೇ ಸೂಕ್ಷ್ಮವಾಗಿ ವಿಂಗಡಿಸಿದೆ. ‘ತತ್ತ್ವಾರ್ಥಸೂತ್ರ’ದ ಎಂಟನೆಯ ಅಧ್ಯಾಯದಲ್ಲಿ ಬರುವ ಮೋಹನೀಯ ಕರ್ಮದ 28 ಪ್ರಕೃತಿಗಳಲ್ಲಿ ಒಂಬತ್ತು ನೋಕಷಾಯಗಳು, ಅವುಗಳಲ್ಲಿ ಅರತಿ ಒಂದು, ಶೋಕ ಇನ್ನೊಂದು. ಯಾವುದರಲ್ಲಿಯೂ ಮನಸ್ಸು ನಿಲ್ಲದ, ಯಾವುದೂ ರುಚಿಸದ ಅರತಿಯನ್ನು ಶೋಕದಿಂದ ಬೇರೆಯಾಗಿ ಎಣಿಸಿದ್ದು ಗಮನಾರ್ಹ. ಅಳು ಇಲ್ಲದೆಯೂ ಖಿನ್ನತೆ ಇರಬಹುದೆಂಬುದನ್ನು ಇಂದಿನ ವೈದ್ಯರೂ ರೋಗಿಯ ಮನೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಸ್ಮೃತಿಯಾದರೋ ಮೊದಲ ಅಧ್ಯಾಯದಲ್ಲಿ ಮತಿಜ್ಞಾನದ ವಲಯಕ್ಕೆ ಸೇರಿದೆ. ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಹಂತಗಳಲ್ಲಿ ಕೊನೆಯದಾದ ಧಾರಣೆಯೇ ನೆನಪಿಗೆ ಆಧಾರ. ಅದನ್ನು ಮುಸುಕುವುದು ಜ್ಞಾನಾವರಣೀಯ ಕರ್ಮ. ಆರನೆಯ ಅಧ್ಯಾಯ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆನ್ನುತ್ತದೆಯೇ ಹೊರತು ಜ್ಞಾನಾವರಣೀಯಕ್ಕಲ್ಲ. ಎಂದರೆ, ಈ ವ್ಯವಸ್ಥೆಯಲ್ಲಿ ಶೋಕದ ದಾರಿ ಬೇರೆ, ಮರೆವಿನ ದಾರಿ ಬೇರೆ. ಆಧುನಿಕ ಸಂಶೋಧನೆಯೆಲ್ಲ ಪೂರ್ವಾಚಾರ್ಯರಿಗೆ ಗೊತ್ತಿತ್ತೆಂದು ಸಾಧಿಸುವ ಉತ್ಸಾಹಕ್ಕೆ ಈ ಸೂತ್ರಗಳು ಒದಗುವುದಿಲ್ಲ. ಅವುಗಳ ಬೆಲೆ ಇರುವುದು ವಿಂಗಡಣೆಯ ಶಿಸ್ತಿನಲ್ಲಿ.

ಅಂಥ ಶಿಸ್ತು ಯುರೋಪಿನ ಮನೋವೈದ್ಯಕ್ಕೆ ತಡವಾಗಿ ಬಂದಿತು. 1845ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಗ್ರೀಸಿಂಗರ್ ತನ್ನ ಪ್ರಸಿದ್ಧ ಪಠ್ಯವನ್ನು ಪ್ರಕಟಿಸಿ, ಮನೋರೋಗಗಳೆಲ್ಲ ಬಹುಮಟ್ಟಿಗೆ ಒಂದೇ ರೋಗದ ಹಂತಗಳೆಂದು ವಾದಿಸಿದ. ಮೊದಲು ಮೆಲಂಕೋಲಿಯಾ ಎಂಬ ವಿಷಾದ, ಬಳಿಕ ಉದ್ರೇಕ, ಕೊನೆಗೆ ಬುದ್ಧಿಯ ನಾಶವಾದ ಡಿಮೆನ್ಷಿಯಾ. ಆಗಿನ ಡಿಮೆನ್ಷಿಯಾ ಮುದುಕರಿಗೆ ಸೀಮಿತವಾದ ಪದವಾಗಿರಲಿಲ್ಲ. ದೀರ್ಘಕಾಲದ ಯಾವುದೇ ಹುಚ್ಚಿನ ಕೊನೆಯ ನಿಲ್ದಾಣ ಅದು. ಹೀಗೆ ಖಿನ್ನತೆಗೂ ಮರೆಗುಳಿತನಕ್ಕೂ ಇರುವ ಸಂಬಂಧ ಆ ಕಾಲಕ್ಕೆ ಪ್ರಶ್ನೆಯೇ ಆಗಿರಲಿಲ್ಲ, ಒಪ್ಪಿತ ಸಿದ್ಧಾಂತವಾಗಿತ್ತು.

ಕಾಕತಾಳೀಯವೆಂಬಂತೆ ಧಾರವಾಡದಲ್ಲಿ ಮನೋರೋಗಿಗಳ ಆಸ್ಪತ್ರೆ, ಅಂದಿನ ಮಾತಿನಲ್ಲಿ ‘ಹುಚ್ಚಾಸ್ಪತ್ರೆ’, ಸ್ಥಾಪನೆಯಾದದ್ದೂ 1845ರಲ್ಲಿಯೇ. ಇಂದಿನ ಡಿಮ್ಹಾನ್ಸ್ ಸಂಸ್ಥೆಯ ಮೂಲ ಅದು. ಆಗ ವಿಜಯಪುರ ಇನ್ನೂ ಸಾತಾರದ ರಾಜನ ಅಧೀನದಲ್ಲಿತ್ತು. ಬ್ರಿಟಿಷರ ನೇರ ಆಡಳಿತಕ್ಕೆ ಬಂದದ್ದು 1848ರಲ್ಲಿ. ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದದ್ದು 1885ರಲ್ಲಿ. ಮುಂಬಯಿ ಪ್ರಾಂತದ ಆಶ್ರಯಾಲಯಗಳ ವಾರ್ಷಿಕ ವರದಿಗಳು ರೋಗಿಗಳನ್ನು ಮೇನಿಯಾ, ಮೆಲಂಕೋಲಿಯಾ, ಡಿಮೆನ್ಷಿಯಾ ಮೊದಲಾದ ಅಂಕಣಗಳಲ್ಲಿ ಹಂಚುತ್ತಿದ್ದವು. ಆದರೆ ಯಾರು ಅಲ್ಲಿಗೆ ತಲುಪುತ್ತಿದ್ದರು? 1858ರ ಕಾಯಿದೆ ಬೀದಿಯಲ್ಲಿ ಅಲೆಯುವವರನ್ನೂ ಅಪಾಯಕಾರಿಗಳೆನಿಸಿದವರನ್ನೂ ಪೊಲೀಸರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ತರಲು ಅವಕಾಶ ಕೊಟ್ಟಿತ್ತು. ಪಡಸಾಲೆಯ ಮೂಲೆಯಲ್ಲಿ ಉಣ್ಣದೆ, ಮಾತಾಡದೆ ಕುಳಿತ ತಿಕೋಟಾದ ವಿಧವೆಯೊಬ್ಬಳು ಆ ಕಾಯಿದೆಯ ಕಣ್ಣಿಗೆ ಬೀಳುವವಳಲ್ಲ. ಆಶ್ರಯಾಲಯದ ದಾಖಲೆಯನ್ನೇ ನಂಬಿ ಈ ನಾಡಿನ ದುಃಖದ ಇತಿಹಾಸ ಬರೆಯ ಹೊರಟವರು ಇದನ್ನು ಮರೆಯಬಾರದು.

ದುಃಖಕ್ಕಂತೂ ಇಲ್ಲಿ ಕೊರತೆ ಇರಲಿಲ್ಲ. 1876ರಿಂದ 1878ರವರೆಗಿನ ಬರದಲ್ಲಿ ಕಲಾದಗಿ ಜಿಲ್ಲೆ ತೀವ್ರವಾಗಿ ನಲುಗಿತು. 1872ರಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬ ಲೆಕ್ಕ ಬೇರೆ. ಉಳಿದ ಮನೆಗಳಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಜನ ಇಲ್ಲವಾದ ಜಿಲ್ಲೆ ಅದು. ಬದುಕುಳಿದವರ ಮನಸ್ಸಿಗೆ ಮುಂದೆ ಮೂವತ್ತು ನಲವತ್ತು ವರ್ಷಗಳಲ್ಲಿ ಏನಾಯಿತೆಂದು ಯಾರೂ ಬರೆದಿಡಲಿಲ್ಲ. ಮುಪ್ಪಿಗೆ ತಲುಪಿದವರೇ ಕಡಿಮೆ.

1899ರಲ್ಲಿ ಎಮಿಲ್ ಕ್ರೇಪೆಲಿನ್ ಗ್ರೀಸಿಂಗರನ ಸರಪಳಿಯನ್ನು ತುಂಡರಿಸಿದ. ಉನ್ಮಾದ-ಖಿನ್ನತೆಯ ರೋಗ ಬಂದುಹೋಗುವಂಥದು, ಬುದ್ಧಿನಾಶದಲ್ಲಿ ಕೊನೆಗೊಳ್ಳುವಂಥದಲ್ಲ ಎಂಬುದು ಅವನ ವಿಂಗಡಣೆಯ ತಿರುಳು. 1906ರಲ್ಲಿ ಅಲೋಯಿಸ್ ಆಲ್ಝೈಮರ್, ತಾನು 1901ರಿಂದ ಬಲ್ಲ ಆಗಸ್ಟೆ ಎಂಬ ಹೆಂಗಸಿನ ಮಿದುಳನ್ನು ಪರೀಕ್ಷಿಸಿ ಅದರ ವಿಕೃತಿಗಳನ್ನು ವಿವರಿಸಿದ. ಅಲ್ಲಿಂದ ಖಿನ್ನತೆ ಮನಸ್ಸಿನ ಪಾಲಿಗೆ, ಡಿಮೆನ್ಷಿಯಾ ಮಿದುಳಿನ ಪಾಲಿಗೆ ಎಂಬಂತಾಯಿತು. 1961ರಲ್ಲಿ ಲೆಸ್ಲಿ ಕೈಲೋ ‘ಹುಸಿ ಡಿಮೆನ್ಷಿಯಾ’ವನ್ನು ವಿವರಿಸಿ, ಮರೆವಿನಂತೆ ಕಾಣುವುದು ಕೆಲವೊಮ್ಮೆ ಖಿನ್ನತೆಯೇ ಆಗಿದ್ದು, ಚಿಕಿತ್ಸೆಯಿಂದ ಬುದ್ಧಿ ಮರಳಬಹುದೆಂದು ಎಚ್ಚರಿಸಿದ. ಬೇಂದ್ರೆಯವರ ಪದಚ್ಛೇದ ಇಲ್ಲಿ ಅನಿರೀಕ್ಷಿತವಾಗಿ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಹೀಗೆ ಮರಳಿದವರಲ್ಲಿಯೂ ಹಲವರಿಗೆ ವರ್ಷಗಳ ಬಳಿಕ ನಿಜವಾದ ಡಿಮೆನ್ಷಿಯಾ ಬಂದದ್ದು ಮುಂದಿನ ಅಧ್ಯಯನಗಳಲ್ಲಿ ಕಂಡಿತು. ಮುಚ್ಚಿದ್ದ ಪ್ರಶ್ನೆ ಹೀಗೆ ಮತ್ತೆ ತೆರೆಯಿತು.

ಇಂದಿನ ಸಾಕ್ಷ್ಯ ಎರಡು ದಿಕ್ಕಿಗೆ ಎಳೆಯುತ್ತದೆ. ಡೆನ್ಮಾರ್ಕಿನ ಸುಮಾರು 14 ಲಕ್ಷ ಜನರ ದಾಖಲೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಿನ್ನತೆಯ ರೋಗನಿರ್ಣಯ ಪಡೆದವರಿಗೆ ಡಿಮೆನ್ಷಿಯಾದ ಅಪಾಯ ಎರಡು ಪಟ್ಟಿಗೂ ಹೆಚ್ಚು ಕಂಡಿತು. ಖಿನ್ನತೆ ಯೌವನದಲ್ಲಿ ಬಂದಿದ್ದರೂ ನಡುವಯಸ್ಸಿನಲ್ಲಿ ಬಂದಿದ್ದರೂ ಸಂಬಂಧ ಉಳಿದಿತ್ತು. 2017ರ ಬ್ರಿಟಿಷ್ ಅಧ್ಯಯನವೊಂದು ಸುಮಾರು 10 ಸಾವಿರ ಸರಕಾರಿ ನೌಕರರನ್ನು 28 ವರ್ಷ ಹಿಂಬಾಲಿಸಿ ಬೇರೆಯದನ್ನೇ ಹೇಳಿತು. ನಡುವಯಸ್ಸಿನ ಖಿನ್ನತೆಯ ಲಕ್ಷಣಗಳಿಗೂ ಡಿಮೆನ್ಷಿಯಾಕ್ಕೂ ಸಂಬಂಧ ಕಾಣಲಿಲ್ಲ. ರೋಗ ಪತ್ತೆಯಾಗುವ ಸುಮಾರು 11 ವರ್ಷ ಮೊದಲಿನಿಂದ ಮಾತ್ರ ವ್ಯತ್ಯಾಸ ಕಾಣಿಸಿತು. ಹಾಗಾದರೆ ಮುಪ್ಪಿನ ವಿಷಾದ ಮರೆವಿನ ಕಾರಣವಲ್ಲ, ಅದರ ಮೊದಲ ಗುರುತು. ಡೆನ್ಮಾರ್ಕಿನವರು ಎಣಿಸಿದ್ದು ಆಸ್ಪತ್ರೆಯ ದಾಖಲೆಗೆ ಸೇರುವಷ್ಟು ತೀವ್ರವಾದ ಖಿನ್ನತೆಯನ್ನು. ಬ್ರಿಟಿಷರು ಎಣಿಸಿದ್ದು ಪ್ರಶ್ನಾವಳಿಯಲ್ಲಿ ಕಂಡ ಲಕ್ಷಣಗಳನ್ನು. ಭಿನ್ನತೆಗೆ ಇದೂ ಒಂದು ಕಾರಣವಿರಬಹುದು. ಲ್ಯಾನ್ಸೆಟ್ ಆಯೋಗದ 2024ರ ವರದಿ ತಡೆಯಬಹುದಾದ 14 ಅಪಾಯಾಂಶಗಳಲ್ಲಿ ಖಿನ್ನತೆಯನ್ನೂ ಸೇರಿಸಿದೆ. ಅದರ ಪಾಲೆಂದು ಅಂದಾಜಿಸಿದ್ದು ಶೇಕಡಾ 3. ಖಿನ್ನತೆಯಿಂದ ಬಳಲಿದ ಬಹಳ ಜನರಿಗೆ ಡಿಮೆನ್ಷಿಯಾ ಬರುವುದೇ ಇಲ್ಲ ಎಂಬುದನ್ನು ಮಾತ್ರ ಮನೆಯವರು ನೆನಪಿಡಬೇಕು. ಸಂಭವ ಹೆಚ್ಚೆಂದರೆ ವಿಧಿ ಎಂದಲ್ಲ.

ಕರ್ನಾಟಕದ ಹಳ್ಳಿಗರ ಮೇಲೆ ಇಂಥ ದೀರ್ಘ ಅಧ್ಯಯನ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದಿಂದ ನಡೆದಿದೆ. ಇಂಥ ಪ್ರಶ್ನೆಗೆ ಉತ್ತರ ದಶಕಗಳ ನಂತರದ್ದು. ವಿಜಯಪುರ ಸೀಮೆಯ ಕಳೆದ ಶತಮಾನದ ಖಿನ್ನತೆಗೆ ಉಳಿದಿರುವ ದಾಖಲೆ ಆಸ್ಪತ್ರೆಯದಲ್ಲ, ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ಗಳಂಥದು. ತವರಿನಿಂದ ದೂರವಾದವಳ, ಮಕ್ಕಳಿಲ್ಲದವಳ, ಅಣ್ಣನನ್ನು ಕಾಯುವವಳ ಅಳಲು ಬೀಸುಕಲ್ಲಿನ ಮುಂದೆ ಹಾಡಾದದ್ದನ್ನು ಸಾಹಿತ್ಯದ ವಿದ್ಯಾರ್ಥಿಗಳು ಛಂದಸ್ಸಿಗಾಗಿ, ಭಾಷೆಗಾಗಿ ಓದಿದ್ದಾರೆ. ಮನೋವೈದ್ಯದ ಇತಿಹಾಸಕ್ಕಾಗಿ ಓದಿದವರು ವಿರಳ. ಮಕ್ಕಳ ಹೆಸರು ಮರೆತ ಅಜ್ಜಿಯೂ ಆ ಪದಗಳನ್ನು ತಡವರಿಸದೆ ಹಾಡುವುದುಂಟು. ಹಾಡಿನ ನೆನಪು ಇತರ ನೆನಪುಗಳಿಗಿಂತ ಹೆಚ್ಚು ಕಾಲ ಉಳಿಯುತ್ತದೆಂಬುದನ್ನು ಮರೆವಿನ ರೋಗಿಗಳ ಅಧ್ಯಯನಗಳು ಗುರುತಿಸಿವೆ.